ಚಿಕ್ಕ ಪಿಸ್ತೂಲು ಒಯ್ಯಲು ಸುಲಭ, ಹೊಡೆಯಲು ಕಷ್ಟ: ಅಮೆರಿಕದಲ್ಲಿ ಸೊಂಟದ ಗನ್ ಆರಿಸುವುದು, ಪರೀಕ್ಷಿಸುವುದು ಹೇಗೆ?

ಡಲ್ಲಾಸ್ ಹತ್ತಿರ ಇರುವ ನನ್ನ ಚಿಕ್ಕಮ್ಮನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ಅಲ್ಲಿನ ಪೌರತ್ವ ಸಿಕ್ಕಿ ಅವನಿಗೆ ಒಂದು ವರ್ಷವಾಗಿದೆ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಸಣ್ಣ ಅಂಗಡಿ ನಡೆಸುತ್ತಾನೆ. ರಾತ್ರಿ ದುಡ್ಡು ಎಣಿಸಿ, ಬೀಗ ಹಾಕಿ, ಒಬ್ಬನೇ ಕಾರಿನ ತನಕ ನಡೆದು ಬರಬೇಕು. "ಅಣ್ಣಾ, ಗನ್ ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಲ್ಲಿ ಮೂವತ್ತು ನಲವತ್ತು ಇಟ್ಟಿದ್ದಾರೆ. ಎಲ್ಲಾ ಕಪ್ಪು, ಎಲ್ಲಾ ಒಂದೇ ಥರ. ಇರೋದ್ರಲ್ಲೇ ಚಿಕ್ಕದು ತಗೊಂಡ್ರೆ ಸಾಕಲ್ವಾ?" ಅಂದ.

ಸಾಕಾಗುವುದಿಲ್ಲ. ಯಾಕೆ ಸಾಕಾಗುವುದಿಲ್ಲ ಎನ್ನುವುದನ್ನು ಫೋನಿನಲ್ಲಿ ಹತ್ತು ನಿಮಿಷಕ್ಕೆ ಹೇಳಿ ಮುಗಿಸಲು ಆಗಲಿಲ್ಲ. ನಮ್ಮವರು ಬಹಳ ಮಂದಿ ಅಲ್ಲಿದ್ದಾರೆ, ಈ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಏಳುತ್ತಿದೆ. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

## ಮೊದಲು ಕಾನೂನು: ಯಾರು ಮುಟ್ಟಬಹುದು?

ಬಟ್ಟೆಯ ಮರೆಯಲ್ಲಿ, ಬೇರೆಯವರ ಕಣ್ಣಿಗೆ ಬೀಳದಂತೆ ಪಿಸ್ತೂಲು ಇಟ್ಟುಕೊಂಡು ಓಡಾಡುವುದಕ್ಕೆ ಅಲ್ಲಿ 'ಕನ್ಸೀಲ್ಡ್ ಕ್ಯಾರಿ' ಎನ್ನುತ್ತಾರೆ. ಇದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಲ್ಲಿ 1911ರಿಂದ ಬಿಗಿಯಾದ ಕಾನೂನಿತ್ತು. ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕಿತ್ತು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಬ್ರೂಯೆನ್' ಎಂಬ ತೀರ್ಪಿನಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಇನ್ನೊಂದು ಕಡೆ, 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಒಯ್ಯಬಹುದಾಗಿತ್ತು. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ 2021ರ ಸೆಪ್ಟೆಂಬರ್‌ನಿಂದ ಆ ಸಾಲಿನಲ್ಲಿದೆ.

ಆದರೆ ನಮ್ಮವರು ಮೊದಲು ತಿಳಿಯಬೇಕಾದದ್ದು ಬೇರೆಯೇ ಇದೆ. ಎಚ್-1ಬಿ ಆಗಲಿ, ವಿದ್ಯಾರ್ಥಿ ವೀಸಾ ಆಗಲಿ, ಮಗಳ ಬಾಣಂತನಕ್ಕೆಂದು ಬಂದ ಪ್ರವಾಸಿ ವೀಸಾ ಆಗಲಿ, ಇಂಥ ತಾತ್ಕಾಲಿಕ ವೀಸಾದಲ್ಲಿರುವವರು ಗನ್ ಆಗಲಿ, ಗುಂಡಾಗಲಿ ಹೊಂದಿರುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. ತಪ್ಪಿದರೆ 15 ವರ್ಷದ ತನಕ ಜೈಲು. ಗ್ರೀನ್ ಕಾರ್ಡ್ ಇದ್ದವರಿಗೆ, ನಾಗರಿಕರಿಗೆ ಈ ತಡೆ ಇಲ್ಲ. ಗೆಳೆಯರು ಸುಮ್ನೆ "ಬಾ, ಒಂದೆರಡು ಗುಂಡು ಹೊಡಿ" ಎಂದು ಕರೆದಾಗಲೂ ವೀಸಾದವರು ವಕೀಲರನ್ನು ಕೇಳದೆ ಹೋಗಬಾರದು.

ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 4473 ಎಂಬ ಸಂಖ್ಯೆಯ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ದಾಟಬೇಕು. ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆಯಬೇಕೆಂದೇನೂ ಇಲ್ಲ. ಪೆನ್ಸಿಲ್ವೇನಿಯಾದ ಪರವಾನಗಿ ಇಟ್ಟುಕೊಂಡು ನದಿ ದಾಟಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನೆಂಟರ ಮನೆಗೆ ಸೊಂಟದಲ್ಲಿ ಗನ್ ಇಟ್ಟುಕೊಂಡು ಹೋದರೆ ಅದು ಅಪರಾಧ. ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಾಮಾನ್ಯವಾಗಿ ಒಯ್ಯುವಂತಿಲ್ಲ. ಟೆಕ್ಸಾಸಿನಲ್ಲಿ ಕೆಲವು ಬಾರ್‌ಗಳ ಬಾಗಿಲಲ್ಲಿ ಕೆಂಪಗೆ '51%' ಎಂದು ಬರೆದಿರುತ್ತದೆ. ಆ ಜಾಗದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಮದ್ಯದಿಂದ ಬರುತ್ತದೆ, ಗನ್ ಒಳಗೆ ತರಬೇಡಿ ಎಂದು ಅದರ ಅರ್ಥ.

ನಮ್ಮ ದೇಶದ ಲೆಕ್ಕ ಪೂರಾ ಬೇರೆ. 1959ರ ಆಯುಧ ಕಾಯ್ದೆಯಂತೆ ಇಲ್ಲಿ ಮೊದಲು ಲೈಸೆನ್ಸ್, ಆಮೇಲೆ ಆಯುಧ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಬಿಟ್ಟರೆ ಉಳಿದವರೆಲ್ಲರಿಗೂ ಇದೇ ನಿಯಮ. ಅಮೆರಿಕದ ಅಂಗಡಿಗಳಲ್ಲಿ ರಾಶಿ ಬಿದ್ದಿರುವ 9 ಎಂಎಂ ದಪ್ಪದ ಗುಂಡಿನ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ಜನರಿಗೆ ಸಿಗುವುದಿಲ್ಲ. ಆದ್ದರಿಂದ ಮುಂದೆ ಹೇಳುವುದೆಲ್ಲ ಅಲ್ಲಿಯ ಮಾತು.

## ಗುಂಡು ಹಾರುವಾಗ ಒಳಗೆ ನಡೆಯುವುದೇನು?

ತೋಟಾ ಅಂದರೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ. ಒಳಗೆ ಮದ್ದು, ಬಾಯಿಗೆ ಮುಚ್ಚಳದಂತೆ ಸೀಸದ ಗುಂಡು, ಬುಡದಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಬಿಲ್ಲೆ. ಟ್ರಿಗರ್ ಎಳೆದಾಗ ಒಂದು ಮೊಳೆ ಆ ಬಿಲ್ಲೆಗೆ ಬಡಿಯುತ್ತದೆ. ಮದ್ದು ಉರಿದು ಅನಿಲವಾಗಿ ಗುಂಡನ್ನು ನಳಿಗೆಯಿಂದ ಹೊರಗೆ ದೂಡುತ್ತದೆ.

ಪಿಸ್ತೂಲಿನ ಮೇಲ್ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ. ಗುಂಡು ಮುಂದೆ ಹೋದ ಹೊಡೆತಕ್ಕೆ ಅದು ಹಿಂದೆ ಸರಿಯುತ್ತದೆ. ಸರಿಯುವಾಗ ಖಾಲಿ ಹಿತ್ತಾಳೆಯನ್ನು ಎಳೆದು ಪಕ್ಕಕ್ಕೆ ಎಸೆಯುತ್ತದೆ. ಆಮೇಲೆ ಸ್ಪ್ರಿಂಗ್ ಅದನ್ನು ವಾಪಸ್ ಮುಂದಕ್ಕೆ ತಳ್ಳುತ್ತದೆ. ಬರುವ ದಾರಿಯಲ್ಲಿ ಮ್ಯಾಗಝೀನಿನ ತುದಿಯ ತೋಟಾವನ್ನು ಅದು ನಳಿಗೆಗೆ ಸೇರಿಸುತ್ತದೆ. ಮ್ಯಾಗಝೀನ್ ಅಂದರೆ ಹಿಡಿಕೆಯೊಳಗೆ ಕೂರುವ ತೋಟಾ ಡಬ್ಬಿ. ಟಾರ್ಚಿನಲ್ಲಿ ಸೆಲ್ಲುಗಳನ್ನು ಬುಡದ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದಲ್ಲ, ಇಲ್ಲೂ ಹಾಗೆಯೇ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ರಿವಾಲ್ವರ್‌ನಲ್ಲಿ ಸ್ಲೈಡ್ ಇಲ್ಲ. ತೋಟಾಗಳಿರುವ ಗಾಲಿ ಪ್ರತಿ ಸಲ ಟ್ರಿಗರ್ ಎಳೆದಾಗ ಒಂದು ಮನೆ ತಿರುಗುತ್ತದೆ. ಸರಳ, ಆದರೆ ಸಣ್ಣವಕ್ಕೆ ಸಾಮಾನ್ಯವಾಗಿ ಐದೇ ಗುಂಡು.

## ಚಿಕ್ಕದಾದಷ್ಟೂ ಕಷ್ಟ ಯಾಕೆ?

ಇಡೀ ವಿಷಯದ ತಿರುಳು ಇಲ್ಲೇ ಇದೆ.

ಹಂಪಿಯಲ್ಲಿ ಹರಿಗೋಲಿನಿಂದ ದಡಕ್ಕೆ ಕಾಲಿಡುವುದನ್ನು ನೆನೆಸಿಕೊಳ್ಳಿ. ನೀವು ಮುಂದೆ ಹೋಗುತ್ತೀರಿ, ಹರಿಗೋಲು ಹಿಂದೆ ಸರಿಯುತ್ತದೆ. ಅದೇ ದೊಡ್ಡ ದೋಣಿಯಾದರೆ ಅಲ್ಲಾಡುವುದೂ ಕಡಿಮೆ. ಪಿಸ್ತೂಲು ದೋಣಿ, ಗುಂಡು ಇಳಿಯುವವನು. ಸಾಮಾನ್ಯ 9 ಎಂಎಂ ಗುಂಡು ಸುಮಾರು 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ. ಗನ್ ಹಗುರವಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. ಒದೆತ ಜಾಸ್ತಿಯಾದರೆ ಎರಡನೇ ಗುಂಡಿಗೆ ಗುರಿ ಹೊಂದಿಸಲು ಹೊತ್ತು ಬೇಕು. ಕೈ ನೋಯುತ್ತದೆ. ಕೈ ನೋಯುವ ಗನ್ನಿನಿಂದ ಯಾರೂ ಅಭ್ಯಾಸ ಮಾಡುವುದಿಲ್ಲ.

ಎರಡನೆಯದು ಗುರಿ. ಪಿಸ್ತೂಲಿನ ಮೇಲೆ ಹಿಂದೊಂದು ಗುರಿಕಚ್ಚು, ಮುಂದೊಂದು ಗುರಿಮೊಳೆ ಇರುತ್ತವೆ. ಎರಡೂ ಸಾಲಾಗಿ ಕಾಣುವಂತೆ ಹಿಡಿಯಬೇಕು. ಗೋಡೆ ಕಟ್ಟುವ ಮೇಸ್ತ್ರಿ ಗೇಣುದ್ದದ ರಸಮಟ್ಟಕ್ಕಿಂತ ಉದ್ದನೆಯ ರಸಮಟ್ಟವನ್ನೇ ಯಾಕೆ ನಂಬುತ್ತಾನೆ? ಉದ್ದವಿದ್ದರೆ ಸಣ್ಣ ಓರೆಯೂ ಕಾಣುತ್ತದೆ. ಗಿಡ್ಡ ಪಿಸ್ತೂಲಿನಲ್ಲಿ ಓರೆ ಕಣ್ಣಿಗೆ ಕಾಣುವುದಿಲ್ಲ, ಕಾಗದದ ಮೇಲೆ ಕಾಣುತ್ತದೆ.

ಮೂರನೆಯದನ್ನು ಅಂಗಡಿಯವರು ಹೇಳುವುದು ಅಪರೂಪ. ಪುಟ್ಟ ರಿವಾಲ್ವರ್ ಒಂದು 420 ಗ್ರಾಂ ಆಸುಪಾಸು ತೂಗುತ್ತದೆ. ಅದರ ಟ್ರಿಗರ್ ಎಳೆಯಲು ಐದು ಕೆ.ಜಿ.ಯಷ್ಟು ಬಲ ಬೇಕು. ಅಂದರೆ ಗನ್ನಿನ ತೂಕದ ಹತ್ತು ಪಟ್ಟಿಗಿಂತ ಜಾಸ್ತಿ! ಬೆರಳು ಎಳೆಯುವಾಗ ಗನ್ನೇ ಎಳೆದಾಡುತ್ತದೆ. ಗ್ಲಾಕ್ 19 ಎಂಬ ಮಧ್ಯಮ ಗಾತ್ರದ ಪಿಸ್ತೂಲಿನ ತೂಕ ಮ್ಯಾಗಝೀನ್ ಬಿಟ್ಟು ಸುಮಾರು 600 ಗ್ರಾಂ, ಟ್ರಿಗರ್ ಸುಮಾರು ಎರಡೂವರೆ ಕೆ.ಜಿ. ಅಲ್ಲಿ ಅದು ನಾಲ್ಕು ಪಟ್ಟು ಮಾತ್ರ. ಹೊಸಬರು ಮಧ್ಯಮ ಗಾತ್ರದ್ದರಲ್ಲಿ ಚೆನ್ನಾಗಿ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು, ಸಣ್ಣ ಪಿಸ್ತೂಲಿನ ಸ್ಲೈಡ್ ಓಡುವ ದಾರಿ ಗಿಡ್ಡ, ಸ್ಪ್ರಿಂಗ್ ಬಿಗಿ. ಅದನ್ನು ಕೈಯಲ್ಲಿ ಹಿಂದಕ್ಕೆ ಎಳೆಯಲು ವಯಸ್ಸಾದವರಿಗೆ, ಕೀಲುನೋವು ಇರುವವರಿಗೆ ತ್ರಾಸ. ತಪ್ಪು ಮಾಡಲು ಜಾಗವೂ ಅದಕ್ಕೆ ಕಡಿಮೆ. ತೋಟಾ ಚೂರು ಬೇರೆಯಾದರೂ, ಹಿಡಿತ ಚೂರು ಸಡಿಲವಾದರೂ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾದರೆ ದೊಡ್ಡದನ್ನೇ ಒಯ್ಯಬಹುದಲ್ಲ? ಒಯ್ಯಬಹುದು, ಆದರೆ ಹೆಚ್ಚಿನವರು ವಾರದಲ್ಲೇ ಬೇಸತ್ತು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಹಳ್ಳಿಯ ಹಿರಿಯರು ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಚಪ್ಪಟೆಯಾಗಿದ್ದರೆ ದಿನವಿಡೀ ಅದರ ನೆನಪೇ ಇರುತ್ತಿರಲಿಲ್ಲ. ಉಬ್ಬಿದರೆ ಕೂರಲೂ ಆಗದು, ಬಗ್ಗಲೂ ಆಗದು. ಆದ್ದರಿಂದ ಉದ್ದಕ್ಕಿಂತ ದಪ್ಪವೇ ಹೆಚ್ಚು ಕಾಡುತ್ತದೆ.

## ಗಾತ್ರದ ಮೆಟ್ಟಿಲುಗಳು

ಒಂದು ತುದಿಯಲ್ಲಿ ರೂಗರ್ ಎಲ್‌ಸಿಪಿಯಂಥ ಜೇಬಿನ ಪಿಸ್ತೂಲು. 2008ರಲ್ಲಿ ಬಂದದ್ದು, ಖಾಲಿ ಇದ್ದಾಗ 270 ಗ್ರಾಂ ಆಸುಪಾಸು. ಇನ್ನೊಂದು ಕಡೆ 1988ರ ಗ್ಲಾಕ್ 19, ಮ್ಯಾಗಝೀನಿನಲ್ಲಿ 15 ಗುಂಡು, ನಾಲ್ಕು ಇಂಚಿನ ನಳಿಗೆ. ಬಹಳ ವರ್ಷ ಇವೆರಡರ ನಡುವೆ ಇದ್ದವು ತೆಳ್ಳಗಿನ, ಏಳೆಂಟು ಗುಂಡಿನ ಪಿಸ್ತೂಲುಗಳು. 2012ರಲ್ಲಿ ಬಂದ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಅದೇ ಜಾತಿ.

2018ರಲ್ಲಿ ಸಿಗ್ ಪಿ365 ಬಂದಾಗ ಲೆಕ್ಕ ಬದಲಾಯಿತು. ಅದರ ತೂಕ ಸುಮಾರು ಅರ್ಧ ಕೆ.ಜಿ., ನಳಿಗೆ 3.1 ಇಂಚು, ಆದರೂ ಮ್ಯಾಗಝೀನಿನಲ್ಲಿ 10 ಗುಂಡು. ಹೇಗೆ ಸಾಧ್ಯ? ಹಳೆಯ ತೆಳು ಮ್ಯಾಗಝೀನಿನಲ್ಲಿ ತೋಟಾಗಳು ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಇದರಲ್ಲಿ ಒಂದು ಚೂರು ಎಡಕ್ಕೆ, ಇನ್ನೊಂದು ಚೂರು ಬಲಕ್ಕೆ. ಸಾಲು ಒಂದಲ್ಲ, ಒಂದೂವರೆ ಅನ್ನಬಹುದು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ 11 ಗುಂಡಿನೊಂದಿಗೆ ಬಂತು, ತೆಳ್ಳಗಿನ ಗ್ಲಾಕ್ 43ಎಕ್ಸ್ ಕೂಡ ಬಂತು. ಇವತ್ತು ಅಂಗಡಿಯಲ್ಲಿ ಮೊದಲ ಸಲ ಕೊಳ್ಳುವವರಿಗೆ ತೋರಿಸುವುದು ಹೆಚ್ಚಾಗಿ ಇದೇ ವರ್ಗವನ್ನು.

## ಯಾವ ತೋಟಾ?

ಮುಖ್ಯವಾಗಿ ಮೂರು. 1902ರಲ್ಲಿ ಜರ್ಮನಿಯಿಂದ ಬಂದ 9 ಎಂಎಂ, 1908ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ .380, ರಿವಾಲ್ವರ್‌ಗಳ ಹಳೆಯ .38 ಸ್ಪೆಷಲ್. .380 ಅಂದರೆ ಗಿಡ್ಡ 9 ಎಂಎಂ ಇದ್ದ ಹಾಗೆ. ಮದ್ದು ಕಡಿಮೆ, ಒದೆತ ಕಡಿಮೆ, ಬಲವೂ ಕಡಿಮೆ. 9 ಎಂಎಂ ಅಗ್ಗ, ಎಲ್ಲೆಡೆ ಸಿಗುತ್ತದೆ.

ಅಭ್ಯಾಸಕ್ಕೆ ಬಳಸುವ ಗುಂಡಿನ ಮೂತಿ ಉರುಟು. ಜೊತೆಯಲ್ಲಿ ಒಯ್ಯುವ ಗುಂಡಿನ ಮೂತಿಯಲ್ಲಿ ಕುಳಿ ಇರುತ್ತದೆ. ಅದು ದೇಹಕ್ಕೆ ಬಡಿದಾಗ ಅರಳುತ್ತದೆ, ಹಾಗಾಗಿ ಹಾಯ್ದು ಆಚೆ ಇರುವವರಿಗೆ ತಗಲುವ ಸಾಧ್ಯತೆ ಕಡಿಮೆಯಾಗುತ್ತದೆ. ಅಲ್ಲಿನ ಪೊಲೀಸರೂ ಇದನ್ನೇ ಬಳಸುತ್ತಾರೆ. ಅರಳುವ ಗುಂಡಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಕೋಲ್ಕತ್ತ ಬಳಿಯ ಡಮ್‌ಡಮ್‌ನಲ್ಲಿದ್ದ ಬ್ರಿಟಿಷರ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಇಂಥ ಗುಂಡು ತಯಾರಾಗಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. ಆ ನಿಷೇಧ ದೇಶದೇಶಗಳ ಯುದ್ಧಕ್ಕೆ, ಪೊಲೀಸರಿಗಲ್ಲ.

ಗುಂಡನ್ನು ಅಳೆಯುವ ಪದ್ಧತಿಗೆ ಒಂದು ದುಃಖದ ಹಿನ್ನೆಲೆ ಇದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು. ಆಮೇಲೆ ಎಫ್‌ಬಿಐ ಜೆಲಾಟಿನ್ ದಿಮ್ಮಿಗಳಿಗೆ ಗುಂಡು ಹೊಡೆದು ಅಳೆಯುವ ಕ್ರಮ ಶುರುಮಾಡಿತು. ಆ ದಿಮ್ಮಿ ಗಟ್ಟಿಯಾದ ಹಾಲುಬಾಯಿಯ ಹಾಗೆ ಇರುತ್ತದೆ. ಎದುರಿಗೆ ದಪ್ಪ ಬಟ್ಟೆ ಹೊದಿಸಿ ಹೊಡೆದಾಗಲೂ ಗುಂಡು 12ರಿಂದ 18 ಇಂಚಿನೊಳಗೆ ನಿಲ್ಲಬೇಕು. ಗಿಡ್ಡ ನಳಿಗೆಯಲ್ಲಿ ಗುಂಡಿನ ವೇಗ ತಗ್ಗುವುದರಿಂದ ಕೆಲವು ಗುಂಡುಗಳು ಅರಳುವುದೇ ಇಲ್ಲ. ಆದ್ದರಿಂದ ಮೂರು ಇಂಚಿನ ಗನ್ ಕೊಳ್ಳುವವರು ಅಷ್ಟೇ ಗಿಡ್ಡ ನಳಿಗೆಯಿಂದ ಹೊಡೆದು ನೋಡಿದ ಫಲಿತಾಂಶವನ್ನೇ ಓದಬೇಕು.

## ಕೊಳ್ಳುವ ಮೊದಲು

ಅಲ್ಲಿನ ಹಲವು ಶೂಟಿಂಗ್ ರೇಂಜ್‌ಗಳಲ್ಲಿ ಪಿಸ್ತೂಲುಗಳನ್ನು ಬಾಡಿಗೆಗೆ ಕೊಡುತ್ತಾರೆ. ಮೂರು ಗಾತ್ರದವನ್ನು ತೆಗೆದುಕೊಂಡು ಒಂದೇ ದಿನ, ಒಂದೇ ದೂರದಿಂದ ಹೊಡೆಯುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೈಗೆ ಹೊಂದುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ಅರ್ಧ ತಿಳಿಯುತ್ತದೆ. ಹಿಡಿಕೆಯಲ್ಲಿ ಕಿರುಬೆರಳು ಕೂರುತ್ತದೆಯೇ? ತೋರುಬೆರಳಿನ ತುದಿ ಟ್ರಿಗರ್ ಮೇಲೆ ಸಲೀಸಾಗಿ ಬರುತ್ತದೆಯೇ? ಸ್ಲೈಡನ್ನು ಹತ್ತು ಸಲ ಎಳೆಯಲು ಆಗುತ್ತದೆಯೇ? ಉಳಿದರ್ಧ ಗುಂಡು ಹೊಡೆದ ಮೇಲೆಯೇ.

ಹೋಲ್‌ಸ್ಟರ್ ಅಂದರೆ ಗನ್ ಕೂರಿಸುವ ಒರೆ. ಅದು ಟ್ರಿಗರ್ ಸುತ್ತಲಿನ ಬಳೆಯನ್ನು ಪೂರ್ತಿ ಮುಚ್ಚಬೇಕು. ಗಟ್ಟಿಯಾಗಿರಬೇಕು, ಆ ಮಾದರಿಯ ಅಳತೆಗೇ ಮಾಡಿದ್ದಾಗಿರಬೇಕು. ಒರೆಯಿಲ್ಲದೆ ಪ್ಯಾಂಟಿನ ಜೇಬಿಗೆ ಬೀಗದ ಕೈ, ಚಿಲ್ಲರೆ ಜೊತೆ ಹಾಕಿಕೊಂಡವರು ತಮ್ಮ ಕಾಲಿಗೇ ಹೊಡೆದುಕೊಂಡಿದ್ದಾರೆ. ಇದರಲ್ಲಿ ಉಳಿತಾಯ ಮಾಡಬೇಡಿ.

## ಗನ್ನಿನ ಪರೀಕ್ಷೆ

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಒಂದು ಪರೀಕ್ಷೆ ಬರೆದಿಟ್ಟಿದ್ದಾರೆ. ಅಂಗಡಿಯಲ್ಲಿ ಮಾರಲು ಒಪ್ಪಿಗೆ ಪಡೆದ ಪಿಸ್ತೂಲುಗಳ ಪಟ್ಟಿಗೆ ಸೇರಬೇಕಾದ ಮಾದರಿಯ ಮೂರು ಪಿಸ್ತೂಲುಗಳಿಂದ ತಲಾ 600 ಗುಂಡು ಹೊಡೆಯಬೇಕು. ಮೊದಲ 20 ಗುಂಡಿನಲ್ಲಿ ಒಂದೂ ತೊಡಕು ಬರಬಾರದು. ಒಟ್ಟು 600ರಲ್ಲಿ ಆರಕ್ಕಿಂತ ಹೆಚ್ಚು ಬರಬಾರದು. ಆಮೇಲೆ ಬೀಳಿಸುವ ಪರೀಕ್ಷೆ. ಒಂದು ಮೀಟರ್ ಒಂದು ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ, ಆರು ಬೇರೆ ಬೇರೆ ಮಗ್ಗುಲಲ್ಲಿ. ಕೈಜಾರಿ ಬಿದ್ದಾಗ ತಾನಾಗಿ ಹಾರಬಾರದು ಎಂಬುದಕ್ಕೆ ಇದು. ಬೀಳಿಸುವುದು ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಯಾರೂ ಮಾಡಬಾರದು.

ಕಾರ್ಖಾನೆಯ ಮಾದರಿ ಪಾಸಾದರೆ ನಿಮ್ಮ ಕೈಯಲ್ಲಿರುವುದು ಪಾಸಾದಂತಲ್ಲ. ಅದಕ್ಕೆ ಅನುಭವಿಗಳು ಪಾಲಿಸುವ ಒಂದು ವಾಡಿಕೆ ಇದೆ. ಮೊದಲು ಕೆಲವು ನೂರು ಅಭ್ಯಾಸದ ತೋಟಾ. ಆಮೇಲೆ ನಿಜವಾಗಿ ಒಯ್ಯಬೇಕೆಂದಿರುವ ತೋಟಾವನ್ನೇ ಬಳಸಿ ಸುಮಾರು 200, ಒಂದೂ ತೊಡಕಿಲ್ಲದೆ. ಕುಳಿಮೂತಿಯ ತೋಟಾ ದುಬಾರಿ, ಆದರೆ ಉರುಟು ಮೂತಿಯದು ಸಲೀಸಾಗಿ ನುಂಗುವ ಗನ್ ಅದನ್ನು ನುಂಗದೇ ಇರಬಹುದು.

ತೊಡಕು ಬಂದರೆ ಗನ್ನನ್ನು ಬೈಯುವ ಮೊದಲು ಕಾರಣ ಹುಡುಕಬೇಕು. ಮ್ಯಾಗಝೀನ್‌ಗಳ ಬುಡಕ್ಕೆ 1, 2, 3 ಎಂದು ನಂಬರ್ ಹಾಕಿ. ಪ್ರತಿ ತೊಡಕನ್ನೂ ಪುಸ್ತಕದಲ್ಲಿ ಬರೆದಿಡಿ. ಯಾವಾಗಲೂ 2ನೇ ನಂಬರಿನದ್ದರಲ್ಲೇ ತೋಟಾ ಸಿಕ್ಕಿಕೊಂಡರೆ ದೋಷ ಮ್ಯಾಗಝೀನಿನದು. ಒಂದೇ ಕಂಪನಿಯ ಪೆಟ್ಟಿಗೆಯಲ್ಲಿ ಬಂದರೆ ತೋಟಾದ್ದು. ಒಬ್ಬರ ಕೈಯಲ್ಲಿ ಮಾತ್ರ ಬಂದರೆ ಹಿಡಿತದ್ದು. ನಾನು ಅಲ್ಲಿದ್ದಾಗ ನನಗೇ ಹೀಗಾಗಿತ್ತು. ಗೆಳೆಯನ ಪುಟ್ಟ ಪಿಸ್ತೂಲು ನಾಲ್ಕೈದು ಗುಂಡಿಗೊಮ್ಮೆ ಖಾಲಿ ಹಿತ್ತಾಳೆಯನ್ನು ಹೊರಗೆ ಎಸೆಯದೆ, ಒಲೆಯ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಲ್ಲಿಸಿಕೊಳ್ಳುತ್ತಿತ್ತು. ತರಬೇತುದಾರರು ಅದನ್ನೇ ಹಿಡಿದು ಹತ್ತು ಗುಂಡು ಹೊಡೆದರು, ಒಂದೂ ನಿಲ್ಲಲಿಲ್ಲ. ನನ್ನ ಮಣಿಕಟ್ಟು ಸಡಿಲವಿತ್ತು. ಗನ್ನಿನ ಜೊತೆ ಕೈಯೂ ಹಿಂದೆ ಹೋದರೆ ಸ್ಲೈಡ್ ಪೂರ್ತಿ ಓಡುವುದಿಲ್ಲ.

## ಕೈಯ ಪರೀಕ್ಷೆ

ಟೆಕ್ಸಾಸಿನ ಪರವಾನಗಿಗೆ ಒಂದು ಗುರಿ ಪರೀಕ್ಷೆ ಇದೆ. ಒಟ್ಟು 50 ಗುಂಡು. ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಪೂರ್ತಿ ಅಂಕ 250, ಪಾಸಾಗಲು 175. ಪರವಾನಗಿ ಬೇಡದವರೂ ಇದನ್ನು ತಮ್ಮ ಗನ್ನಿನಿಂದಲೇ ಹೊಡೆದು ನೋಡಬಹುದು. ದೊಡ್ಡ ಪಿಸ್ತೂಲಿನಲ್ಲಿ ಪಾಸಾಗಿ ಚಿಕ್ಕದನ್ನು ಒಯ್ಯುವುದು, ಕಾರಿನಲ್ಲಿ ಪರೀಕ್ಷೆ ಕೊಟ್ಟು ಲಾರಿ ಓಡಿಸಿದ ಹಾಗೆ.

ಹೊಸಬರ ದೊಡ್ಡ ತೊಂದರೆ ಬೆದರುವುದು. ಸದ್ದಾಗುವ ಮುಂಚೆಯೇ ಕೈ ಗನ್ನನ್ನು ಕೆಳಗೆ ಒತ್ತುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಇದನ್ನು ಹಿಡಿಯಲು ತರಬೇತುದಾರರು ನಿಮಗೆ ಹೇಳದೆ ತೋಟಾಗಳ ನಡುವೆ ಒಂದು ಮದ್ದಿಲ್ಲದ ಡಮ್ಮಿ ಸೇರಿಸುತ್ತಾರೆ. ಟ್ರಿಗರ್ 'ಟಿಕ್' ಎಂದಾಗ ನಳಿಗೆ ತಗ್ಗಿದರೆ ರೋಗ ಸಿಕ್ಕಿತು. ಒದೆಯುವ ಪುಟ್ಟ ಗನ್ನಿನಲ್ಲಿ ಇದು ಬೇಗ ಅಂಟಿಕೊಳ್ಳುತ್ತದೆ.

ಸದ್ದು 160 ಡೆಸಿಬಲ್‌ನ ಹತ್ತಿರ ಇರುತ್ತದೆ. 140 ದಾಟಿದ ಸದ್ದು ಒಂದೇ ಸಲಕ್ಕೆ ಕಿವಿ ಕೆಡಿಸಬಲ್ಲದು. ಕಿವಿಗೂ ಕಣ್ಣಿಗೂ ರಕ್ಷಣೆ ಬೇಕೇ ಬೇಕು. ಸೀಸದ ಧೂಳು ಇರುವುದರಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಅರಿಝೋನಾದಲ್ಲಿ 1976ರಲ್ಲಿ ತರಬೇತಿ ಶಾಲೆ ಕಟ್ಟಿದ ಜೆಫ್ ಕೂಪರ್ ಅವರ ನಾಲ್ಕು ನಿಯಮಗಳನ್ನು ಅಲ್ಲಿ ಎಲ್ಲ ಕಡೆ ಹೇಳಿಕೊಡುತ್ತಾರೆ. ಪ್ರತಿ ಗನ್ನಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ನಾಶವಾಗಬಾರದ್ದರ ಕಡೆಗೆ ನಳಿಗೆ ತಿರುಗಿಸಬಾರದು. ಗುರಿ ಹೊಂದುವ ತನಕ ಟ್ರಿಗರ್ ಮೇಲೆ ಬೆರಳಿಡಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಗೊತ್ತಿರಬೇಕು.

## ಮನೆಗೆ ಬಂದ ಮೇಲೆ

ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಳ್ಳರ ಭಯದಿಂದ ಕೊಂಡದ್ದು ಮನೆಯವರ ಕೈಗೇ ಸಿಗುವ ಅಪಾಯ ನಿಜವಾದದ್ದು. ಮನೆಯಲ್ಲಿ ಮಕ್ಕಳಿದ್ದರೆ, ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯೇ ಮೊದಲು ಬರಬೇಕು. ಕೊಂಡರೆ, ಸೊಂಟದಲ್ಲಿ ಇಲ್ಲದ ಹೊತ್ತಿನಲ್ಲಿ ಅದು ಬೀಗದ ಪೆಟ್ಟಿಗೆಯಲ್ಲಿರಬೇಕು. ಬೆರಳಚ್ಚಿಗೆ ಅಥವಾ ನಂಬರಿಗೆ ಬೇಗ ತೆರೆಯುವ ಪೆಟ್ಟಿಗೆಗಳಿವೆ. ದಿಂಬಿನಡಿ, ಕಪಾಟಿನ ಮೇಲೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬಾರದು.

ಡಲ್ಲಾಸಿನ ನನ್ನ ತಮ್ಮ ಕೊನೆಗೂ ರೇಂಜಿಗೆ ಹೋಗಿ ಮೂರು ಗಾತ್ರದವನ್ನು ಬಾಡಿಗೆಗೆ ತೆಗೆದುಕೊಂಡ. ಏಳು ಗಜದಿಂದ ಊಟದ ಪೇಪರ್ ತಟ್ಟೆಗೆ ತಲಾ ಹತ್ತು ಗುಂಡು. ಅವನು ಆಸೆಪಟ್ಟಿದ್ದ ಅತಿ ಚಿಕ್ಕದರಲ್ಲಿ ತಟ್ಟೆಗೆ ತಗಲಿದ್ದು ನಾಲ್ಕು, ಮಧ್ಯದ್ದರಲ್ಲಿ ಒಂಬತ್ತು. ಮಧ್ಯದ್ದನ್ನು ಕೊಂಡ. ಅದಿನ್ನೂ ಸೊಂಟಕ್ಕೆ ಏರಿಲ್ಲ, ಬೀಗದ ಪೆಟ್ಟಿಗೆಯಲ್ಲಿದೆ. ಒಯ್ಯುವ ತೋಟಾದ ಎಣಿಕೆ 130ಕ್ಕೆ ಬಂದಾಗ 2ನೇ ನಂಬರಿನ ಮ್ಯಾಗಝೀನಿನಲ್ಲಿ ಎರಡು ಸಲ ಸಿಕ್ಕಿಕೊಂಡಿತಂತೆ. "ಅದನ್ನ ವಾಪಸ್ ಕೊಟ್ಟೆ ಅಣ್ಣಾ. ಭಾನುವಾರ ಹೊಸ ಮ್ಯಾಗಝೀನ್ ಹಾಕಿ ಮತ್ತೆ ಒಂದರಿಂದ ಎಣಿಸ್ತೀನಿ" ಅಂದ.